ಬಲದಿಂದ ಎಡಕ್ಕೆ ಹೊದಿಸುವ ಹೆಂಚು

ನನ್ನ ಕೆಲಸದಲ್ಲಿ ತಪ್ಪಿದೆ ಎಂದರೆ ನನಗೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ತಪ್ಪು ಕಾಣುತ್ತದೆ. ಈ ಕ್ರಮ ಇವತ್ತಿಗೂ ಬದಲಾಗಿಲ್ಲ.

2008ರ ಫೆಬ್ರವರಿಯ ಆ ದಿನವೂ ಸಿಟ್ಟಿನಿಂದಲೇ ಶುರುವಾಯಿತು. ಕೊಪ್ಪದ ಬಸ್‌ಸ್ಟ್ಯಾಂಡಿನ ಎದುರು, ಮಹಡಿಯ ಮೇಲೆ ನನ್ನ ಆಫೀಸು. ‘ದಾಕ್ಷಾಯಿಣಿ, ಕಟ್ಟಡ ನಕ್ಷೆ’ ಎಂದು ಬೋರ್ಡು ಹಾಕಿ ಎಂಟು ತಿಂಗಳಾಗಿತ್ತು. ಬಂದದ್ದೆಲ್ಲ ಕಾಂಪೌಂಡು ಗೋಡೆ, ಬಚ್ಚಲುಮನೆ. ಈಗ ಮೊದಲ ಸಲ ದೊಡ್ಡ ಕೆಲಸವೊಂದು ಬಾಗಿಲಿಗೆ ಬಂದು ನಿಂತಿತ್ತು. ನರಸಿಂಹರಾಜಪುರದಲ್ಲಿ ನಮ್ಮ ಸಮಾಜದವರು ಕಟ್ಟಿಸುವ ಸಭಾಭವನ. ಸಂಜೆ ನಾಲ್ಕಕ್ಕೆ ಕಮಿಟಿಯ ಸಭೆ. ನನ್ನ ಹೆಂಚಿನ ಮಾಡು, ಅಂದರೆ ಇಳಿಜಾರು ಚಾವಣಿ, ಒಪ್ಪಿಗೆಯಾದರೆ ಕೆಲಸ ನನಗೆ, ಇಲ್ಲವಾದರೆ ಶಿವಮೊಗ್ಗದ ಎಂಜಿನಿಯರೊಬ್ಬರ ಚಪ್ಪಟೆ ತಾರಸಿಗೆ.

ಆ ಮಾಡು ಅಂತಿಂಥದ್ದಲ್ಲ. ಒಂದು ತುದಿಯಲ್ಲಿ ಕಡಿದಾಗಿ ಶುರುವಾಗಿ ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ಮೆಲ್ಲಗೆ ತಗ್ಗುತ್ತದೆ. ಹೆಂಚು ಹೊರುವ ಮರದ ಪಕಾಸಿಗಳೆಲ್ಲ ನೇರವೇ, ಆದರೆ ಒಂದೊಂದರ ಇಳಿಜಾರು ಒಂದೊಂದು ತರ. ಅದಕ್ಕೆಲ್ಲ ಕಂಪ್ಯೂಟರಿಗೆ ಸೂತ್ರ ಬರೆದುಕೊಟ್ಟಿದ್ದೆ. ಒಂದು ಅಳತೆ ಬದಲಿಸಿದರೆ ಸಾಕು, ಪ್ರತಿ ಪಕಾಸಿಯೂ ಅದರ ಮೇಲಿನ ಹೆಂಚೂ ತಾವಾಗಿ ಹೊಂದಿಕೊಳ್ಳುತ್ತಿದ್ದವು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲೂಕು ಜಾಲಾಡಿದರೂ ಆಗ ಇದು ಬರುತ್ತಿದ್ದದ್ದು ನನಗೊಬ್ಬಳಿಗೇ. ಜಂಬ ಎನ್ನುವವರು ಎನ್ನಲಿ.

ತೊಂದರೆ ಬಂದದ್ದು ರೆಂಡರಿನಲ್ಲಿ. ಕಂಪ್ಯೂಟರಿನೊಳಗಿನ ಮಾದರಿಗೆ ಬಿಸಿಲು, ಬಣ್ಣ ಕೊಟ್ಟು ಫೋಟೋದ ಹಾಗೆ ತೆಗೆಯುವ ಹೊತ್ತಿಗೆ ಪೂರ್ವದ ಮಾಡು ಕೆಂಪಗೆ ಚೆಂದ ಕಂಡಿತು, ಪಶ್ಚಿಮದ್ದು ಮಸಿ ಬಳಿದಂತೆ ಕಪ್ಪು. ಸೂರ್ಯನನ್ನು ಸರಿಸಿದೆ, ಹೆಂಚಿನ ಬಣ್ಣ ಬದಲಿಸಿದೆ. ಮೇಲ್ಮೈಯ ಮೆಶ್ಶನ್ನು, ಅಂದರೆ ಚೂರುಚೂರು ಸೇರಿಸಿ ಹೆಣೆದ ಬಲೆಯನ್ನು, ಇನ್ನೂ ಸಣ್ಣ ಸಣ್ಣ ತುಂಡು ಮಾಡಿದೆ, ಕಂಪ್ಯೂಟರು ಮುನಿಸಿಕೊಂಡು ಅಲ್ಲೇ ನಿಂತಿತು. ಅದಕ್ಕೆ ಬಾಯಿಗೆ ಬಂದಂತೆ ಬೈದೆ.

ಬೈಯುತ್ತಿರುವಾಗಲೇ ಹೆಂಚಿನ ಮೇಸ್ತ್ರಿ ಮಾರಪ್ಪ ಒಳಗೆ ಬಂದರು. ಸಭೆಗೆ ನನ್ನ ಜೊತೆ ಬರಲೆಂದು ತಮ್ಮೂರು ಅಡ್ಡಗದ್ದೆಯಿಂದ ಬಸ್ಸು ಹತ್ತಿದ್ದರು. ಕಮಿಟಿಯವರಿಗೆ ತೋರಿಸಲು ಗೋಣಿಚೀಲದಲ್ಲಿ ಎರಡು ಹೆಂಚು ತಂದಿದ್ದರು. ಕುರ್ಚಿ ಎಳೆದುಕೊಂಡು ಪರದೆಯನ್ನು ಬಹಳ ಹೊತ್ತು ನೋಡಿದರು.

“ಎಂತಮ್ಮ ಇದು, ಆ ಕಡೆ ಹೆಂಚು ಎಲ್ಲ ತಿರುಗಾಮುರುಗಾ ಹೊದಿಸಿದೀರಲ್ಲ?”

“ಇದು ಚಿತ್ರ, ಮಾರಪ್ಪಣ್ಣ. ನಿಜವಾದ ಮಾಡು ಅಲ್ಲ.”

ಅವರು ಎರಡೂ ಹೆಂಚನ್ನು ನನ್ನ ಮೇಜಿನ ಮೇಲಿಟ್ಟರು. ಬಲಗಡೆ ಒಂದು, ಅದರ ಅಂಚಿನಲ್ಲಿ ಕೊರೆದ ಕಚ್ಚಿನ ಮೇಲೆ ಎಡಗಡೆಯದು. ಟಕ್ಕೆಂದು ಕೂತಿತು. ಆಮೇಲೆ ಎಡದಿಂದ ಬಲಕ್ಕೆ ಜೋಡಿಸಲು ಹೋದರು. ಕೂರಲಿಲ್ಲ.

“ಯಾವ ಮಾಡಿಗೇ ಎದುರು ನಿಲ್ಲಿ, ಬಲದಿಂದ ಎಡಕ್ಕೇ ಹೊದಿಸ್ಬೇಕು. ನಿಮ್ಮ ಆ ಕಡೆ ಮಾಡಿಗೆ ಕಚ್ಚು ಉಲ್ಟಾ ಇರೋ ಹೆಂಚು ಬೇಕು. ಅಂಥ ಹೆಂಚು ಯಾರೂ ಮಾಡಲ್ಲ ಮಾರಾಯ್ರೆ.”

ನನ್ನ ಕಿವಿ ಬಿಸಿಯಾಯಿತು. ಒಂದೇ ಮಾಡು ಬಿಡಿಸಿ, ಕನ್ನಡಿಯಲ್ಲಿ ಕಂಡಂತೆ ಅದರ ಪ್ರತಿಯನ್ನು ಆಚೆ ಕೂರಿಸಿದ್ದೆ. ಹಾಗೆ ಮಾಡಿದಾಗ ಮೆಶ್ಶಿನ ಪ್ರತಿ ತುಂಡಿನ ಮುಖ ಒಳಗಾಗಿ, ಬೆನ್ನು ಹೊರಗಾಗುತ್ತದೆ. ಬೆನ್ನಿಗೆ ಬಿದ್ದ ಬಿಸಿಲು ಲೆಕ್ಕಕ್ಕಿಲ್ಲ, ಅದಕ್ಕೇ ಕಪ್ಪು. ಮುಖ ತಿರುಗಿಸಲು ಒಂದು ಆಜ್ಞೆ ಇತ್ತು. ಒತ್ತಿದೆ. ಕಪ್ಪೆಲ್ಲ ಹೋಗಿ ಪಶ್ಚಿಮವೂ ಕೆಂಪಾಯಿತು.

“ನೋಡಿ!” ಎಂದೆ.

“ಬಣ್ಣ ಸರಿಯಾಯ್ತು. ಹೆಂಚು ಸರಿಯಾಗ್ಲಿಲ್ಲ.”

“ಚಿತ್ರದಲ್ಲಿ ಕಚ್ಚು ಯಾರು ನೋಡ್ತಾರೆ?”

ಮಾರಪ್ಪ ಹೆಂಚುಗಳನ್ನು ಗೋಣಿಚೀಲಕ್ಕೆ ಹಾಕತೊಡಗಿದರು. “ಹಾಗಾದ್ರೆ ನಾನು ಬರೋದು ಎಂತಕ್ಕೆ? ಇದನ್ನ ಹೊದಿಸ್ತೀಯಾ ಅಂತ ಅಲ್ಲಿ ಕೇಳೋದು ನನ್ನ. ಹೌದು ಅನ್ನಕ್ಕೆ ನಂಗಾಗಲ್ಲ.”

ಆಗ ಬಂದ ಸಿಟ್ಟು ಯಾರ ಮೇಲೆ ಎಂದು ಹೇಳಲಾರೆ. ಆದರೆ ಅದರ ಹಿಂದೆಯೇ ತಪ್ಪು ಕಂಡಿತು. ಪಶ್ಚಿಮದ ಮಾಡಿಗೆ ಎದುರಾಗಿ ನಿಂತರೆ ಬಲ ಎನ್ನುವುದು ಕಟ್ಟಡದ ಆಚೆ ತುದಿ. ಅಂದರೆ ಪ್ರತಿ ಬೇಡವೇ ಬೇಡ, ಸೂತ್ರದಲ್ಲಿ ಪಕಾಸಿಗಳನ್ನು ಆ ತುದಿಯಿಂದ ಎಣಿಸುತ್ತ ಬಂದರಾಯಿತು. ಕನ್ನಡಿ ಪ್ರತಿಯನ್ನು ಅಳಿಸಿ ಹೊಸ ಸೂತ್ರ ಬರೆದೆ. ಇಪ್ಪತ್ತು ನಿಮಿಷ ಹಿಡಿಯಿತು. ಪಶ್ಚಿಮದ ಹೆಂಚುಗಳು ಒಂದೊಂದಾಗಿ ಬಲದಿಂದ ಎಡಕ್ಕೆ ಕೂತವು. ಯಾವ ಮುಖವನ್ನೂ ತಿರುಗಿಸಬೇಕಾಗಲಿಲ್ಲ, ಯಾವುದೂ ಕಪ್ಪಾಗಲಿಲ್ಲ.

ರೆಂಡರಿಗೆ ಒಂದೂವರೆ ಗಂಟೆ ಬೇಕಿತ್ತು. ಕರೆಂಟು ಹೋಗದೆ ನಮ್ಮ ಮರ್ಯಾದೆ ಉಳಿಸಿತು. ಪ್ರಿಂಟು ಸುತ್ತಿಕೊಂಡು ಇಬ್ಬರೂ ಮೆಟ್ಟಿಲಿಳಿದು ಓಡಿ ಎರಡು ಗಂಟೆಯ ಬಸ್ಸು ಹಿಡಿದೆವು.

ಸಭೆಯಲ್ಲಿ ತಾರಸಿಯ ಚಿತ್ರ ನನ್ನದಕ್ಕಿಂತ ದೊಡ್ಡದಿತ್ತು, ಮಿಂಚುತ್ತಲೂ ಇತ್ತು. ಅಧ್ಯಕ್ಷರಾದ ಸೋಮಶೇಖರಪ್ಪನವರು ಎರಡನ್ನೂ ಅಕ್ಕಪಕ್ಕ ಇಟ್ಟು, ನನ್ನನ್ನು ಬಿಟ್ಟು ಮಾರಪ್ಪನವರ ಕಡೆ ತಿರುಗಿದರು.

“ಇದು ಕಂಪ್ಯೂಟರಲ್ಲಿ ಚೆನ್ನಾಗೇ ಕಾಣ್ತದೆ. ಹೊದಿಸಕ್ಕಾಗ್ತದಾ ಮೇಸ್ತ್ರಿ?”

ಮಾರಪ್ಪ ಕನ್ನಡಕ ಹಾಕಿಕೊಂಡರು. ಪಶ್ಚಿಮದ ಸೂರಿನ ಬಲತುದಿಯಲ್ಲಿ ಬೆರಳಿಟ್ಟು, ಹೆಂಚು ಹೆಂಚು ಮುಟ್ಟುತ್ತ ಎಡಕ್ಕೆ ಬಂದು, ಮೇಲಿನ ಸಾಲಿಗೆ ಹತ್ತಿ, ಮತ್ತೆ ಬಲದಿಂದ ಶುರುಮಾಡಿದರು.

“ಆಗ್ತದೆ,” ಎಂದರು. “ಹೆಂಚು ಹೊದಿಸಿ ಗೊತ್ತಿದ್ದೋರೇ ಬರ್ದಿದ್ದು ಇದು.”

ಸೋಮಶೇಖರಪ್ಪನವರು ನನ್ನ ಕಡೆ ನೋಡಿದರು. “ಹೌದೇನಮ್ಮ? ಎಲ್ಲಿ ಕಲಿತ್ರಿ?”

ಸುಮ್ಮನೆ ನಕ್ಕು ತಲೆಯಾಡಿಸಿದ್ದರೆ ಮುಗಿಯುತ್ತಿತ್ತು. ನನಗದು ಆಗಲಿಲ್ಲ.

“ಇವತ್ತು ಬೆಳಿಗ್ಗೆ ಕಲಿತೆ ಸಾರ್, ಇವರ ಹತ್ರ. ಅಲ್ಲೀತನಕ ಅರ್ಧ ಮಾಡು ಉಲ್ಟಾ ಇತ್ತು.”

ಮುಗಿಯಿತು, ಕೆಲಸ ಕೈತಪ್ಪಿತು ಎಂದುಕೊಂಡೆ. ಸೋಮಶೇಖರಪ್ಪನವರು ತಾರಸಿಯ ಚಿತ್ರವನ್ನು ಮಡಚಿ ಪಕ್ಕಕ್ಕಿಟ್ಟು, ಜೇಬಿನ ಪೆನ್ನು ತೆಗೆದು ನನಗೆ ಕೊಟ್ಟರು.

“ಹಾಗಾದ್ರೆ ನಿಮ್ಮ ಹೆಸರಿನ ಕೆಳಗೆ ಅವರದ್ದೂ ಬರೀರಿ. ಇಬ್ಬರೂ ಸೇರಿ ಮಾಡಿ.”

ನಕ್ಷೆಯ ಮೂಲೆಯಲ್ಲಿ, ದಾಕ್ಷಾಯಿಣಿಯ ಕೆಳಗೆ, ಮಾರಪ್ಪ ಎಂದು ಬರೆದೆ. ಅವರು ಬಗ್ಗಿ ಓದಿದರು.

“ಅಡ್ಡಗದ್ದೆ ಅಂತಲೂ ಹಾಕಿ ಅಮ್ಮ,” ಎಂದರು. “ಮಾರಪ್ಪ ಅಂದ್ರೆ ಬೇಕಾದಷ್ಟು ಜನ ಇದಾರೆ.”