ನೇರ, ಓರೆ, ನೇರ

ಕ್ವೇತಾ ಆ ದಿನ ಬೆಳಿಗ್ಗೆಯಿಂದ ಎಲ್ಲರ ಮೇಲೂ ಸಿಡುಕುತ್ತಿದ್ದಳು. ಚೆಕ್ ದೇಶದ ಬ್ರ್ನೋ ನಗರದ ಗುಡ್ಡದ ಮೇಲಿನ ಪ್ರಯೋಗಾಲಯದಲ್ಲಿ ಅವಳ ಕೂದಲು ಬೆಳ್ಳಗಾದದ್ದು ಆ ಕಪ್ಪು ಟೆಲಿಫೋನಿನ ಪಕ್ಕದಲ್ಲೇ. ನಾಳೆಯಿಂದ ಅದಕ್ಕೆ ಕೆಲಸವಿಲ್ಲ, ಎಲ್ಲವನ್ನೂ ಯಂತ್ರವೇ ನೋಡಿಕೊಳ್ಳುತ್ತದೆ. ನದಿಯಾಚೆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಇನ್ನೊಂದು ಫೋನಿನ ಮುಂದೆ ಕೂರುವ ಓತಾಕರ್ ನಿವೃತ್ತನಾಗಿ, ದೂರದ ಓಸ್ಟ್ರಾವಾ ಊರಿನ ಅಕ್ಕನ ಮನೆಗೆ ಹೊರಟಿದ್ದ. ಹೋಗಬೇಡಿ ಎನ್ನಲು ಅವಳಿಗೆ ಉಳಿದಿದ್ದುದು ಇದೊಂದೇ ಮಧ್ಯಾಹ್ನ.

ಅವರ ಕೆಲಸ ಹೊರಗಿನವರಿಗೆ ಹುಚ್ಚಾಟದಂತೆ ಕಾಣುತ್ತಿತ್ತು. ರೋಗಿಗಳ ಗುಟ್ಟುಗಳಿಗೆ ಹಾಕುವ ಬೀಗದ ಕೈಯನ್ನು ಅವಳು ಬೆಳಕಿನ ಕಣಗಳಲ್ಲಿ, ಒಂದೊಂದಾಗಿ, ಗಾಜಿನ ಎಳೆಯೊಳಗೆ ಕಳಿಸುತ್ತಿದ್ದಳು. ಕೆಲವು ಕಣ ನೇರ, ಕೆಲವು ಓರೆ. ನಡುವೆ ಯಾರಾದರೂ ಇಣುಕಿದರೂ, ಎಳೆ ಅಲುಗಿದರೂ ಕಣದ ಸ್ಥಿತಿಯೇ ಕೆಟ್ಟು, ಓತಾಕರನ ತುದಿಯಲ್ಲಿ ತಪ್ಪುಗಳು ಏರುತ್ತಿದ್ದವು. ಆಮೇಲೆ ಇಬ್ಬರೂ, ಊರೇ ಕೇಳಲಿ ಎಂಬಂತೆ, ಯಾವ ಕಣವನ್ನು ಹೇಗೆ ಕಳಿಸಿದೆ, ಹೇಗೆ ಅಳೆದೆ ಎಂದು ಫೋನಿನಲ್ಲಿ ಒಪ್ಪಿಸುತ್ತಿದ್ದರು: ನೇರ, ಓರೆ, ನೇರ. ಬಂದ ಉತ್ತರವನ್ನು ಮಾತ್ರ ಹೇಳುವಂತಿಲ್ಲ, ಬೀಗದ ಕೈ ಅದೇ. ಕೊನೆಗೆ ಒಂದು ಹಿಡಿ ಉತ್ತರಗಳನ್ನಷ್ಟೇ ಓದಿ, ತಾಳೆ ನೋಡಿ, ಓದಿದ್ದನ್ನು ಎಸೆಯುತ್ತಿದ್ದರು. ತಪ್ಪು ಹೆಚ್ಚಿದ್ದರೆ ಇಡೀ ಕಂತೆಯೇ ಕಸ.

ಹೀಗೆ ಬಾಯಲ್ಲೂ ಒಮ್ಮೆ ಪರೀಕ್ಷಿಸಬೇಕೆಂಬುದು ಹಳೆಯ ಮುಖ್ಯಸ್ಥರ ಹಠವಾಗಿತ್ತು. ಅವರು ತೀರಿಕೊಂಡ ಮೇಲೂ ಇವರು ಬಿಡಲಿಲ್ಲ. ನೇರ ಓರೆಗಳ ನಡುವೆ ಓತಾಕರ್ ಆಸ್ಪತ್ರೆಯ ಅಡುಗೆಮನೆಯಿಂದ ಬರುವ ವಾಸನೆಯನ್ನು ವರ್ಣಿಸುತ್ತಿದ್ದ, ಸಬ್ಬಸಿಗೆ ಸಾರೋ, ಹುಳಿ ಎಲೆಕೋಸೋ ಎಂದು. ಎಷ್ಟು ಚಳಿಗಾಲಗಳು ಹಾಗೆ ಬೆಚ್ಚಗೆ ಕಳೆದುಹೋದವು!

ಆದರೂ ಮನಸ್ಸಿನ ಮಾತನ್ನು ಫೋನಿನಲ್ಲಿ ಆಡುವುದೆಂದರೆ ಕ್ವೇತಾಳ ಬಾಯಿಗೆ ಬೀಗ. ಅವಳು ಚಿಕ್ಕವಳಿದ್ದಾಗ ಮನೆಯ ಫೋನೆತ್ತಿದರೆ ಸಣ್ಣಗೆ ‘ಕಟಕ್’ ಎನ್ನುತ್ತಿತ್ತು. ಸರಕಾರದವನೊಬ್ಬ ಕಿವಿಗೊಟ್ಟು ಕೂತಿದ್ದಾನೆಂದು ಅರ್ಥ. ಅಪ್ಪ ಅವನನ್ನೇ, “ಊಟ ಆಯ್ತಾ ಸ್ವಾಮಿ?” ಎಂದು ವಿಚಾರಿಸುತ್ತಿದ್ದ. ಅಮ್ಮನಿಗೆ ಆ ಧೈರ್ಯವಿರಲಿಲ್ಲ. ಸದ್ದಾದೊಡನೆ ಅವಳ ದನಿ ಬೇರೆ ಯಾರದೋ ಆಗಿಬಿಡುತ್ತಿತ್ತು. ಗಡಿ ದಾಟಿ ವಿಯೆನ್ನಾ ಸೇರಿದ್ದ ತನ್ನ ತಮ್ಮನಿಗೆ, ಹೆತ್ತ ತಾಯಿ ತೀರಿಕೊಂಡ ಸುದ್ದಿಯನ್ನೂ ಆಲೂಗಡ್ಡೆಯ ಬೆಲೆ ಹೇಳುವವಳಂತೆ ಹೇಳಿ ಫೋನಿಟ್ಟಳು. ಆಮೇಲೆ ಒಲೆಯ ಮುಂದೆ ಕೂತು ಅತ್ತಳು. ಆ ಅಳು ತಮ್ಮನಿಗೆ ಸೇರಬೇಕಿತ್ತು. ಯಾರೂ ಕದ್ದು ಕೇಳಲಾಗದ ಈ ವಿದ್ಯೆಯ ಬೆನ್ನು ಕ್ವೇತಾ ಹತ್ತಿದ್ದೇ ಆ ಸಂಕಟದಿಂದ.

ಕೊನೆಯ ದಿನದ ಮೊದಲ ಕಂತೆ ಕೆಟ್ಟಿತು. ಮತ್ತೊಂದೂ ಕೆಟ್ಟಿತು.

“ಇದೂ ಕಸ ಕಣ್ರೀ,” ಎಂದಳು ಕ್ವೇತಾ. “ಯಾರೋ ಇಣುಕ್ತಿದಾರೆ.”

“ಇರಬಹುದು ಡಾಕ್ಟ್ರಮ್ಮ. ಮತ್ತೆ ಶುರು ಮಾಡೋಣ.” ಓತಾಕರನ ದನಿಯಲ್ಲಿ ಬೇಸರ ಎಳ್ಳಷ್ಟೂ ಇರಲಿಲ್ಲ.

ಅವಳು ಇನ್ನೊಂದು ಫೋನೆತ್ತಿ, ಎಳೆ ಹಾದುಹೋಗುವ ಟ್ರಾಮ್ ಹಳಿಯ ಬಳಿ ಯಾರು ನೆಲ ಅಗೆಯುತ್ತಿದ್ದೀರೆಂದು ರಸ್ತೆ ಕೆಲಸದವರನ್ನು ತರಾಟೆಗೆ ತೆಗೆದುಕೊಂಡಳು. ಯಾರೂ ಅಗೆಯುತ್ತಿರಲಿಲ್ಲ. ಹೊಸ ಕಂತೆ ಶುರುವಾಯಿತು, ಕಂಪ್ಯೂಟರ್ ಪರದೆಯ ಮೇಲೆ ತಪ್ಪಿನ ಗೆರೆ ಏರಿಯೇ ನಿಂತಿತು. ಆಗ ಓತಾಕರ್ ಜೋರಾಗಿ ಸೀನಿದ. ಗೆರೆ ತಟ್ಟನೆ ಇಳಿಯಿತು. ಅವನು ಮೂಗೊರೆಸಿಕೊಂಡಿದ್ದಾಯಿತು, ಗೆರೆ ಮತ್ತೆ ಮೇಲೆ.

“ಓತಾಕರ್, ನಿಮ್ಮ ಕೈ ಎಲ್ಲಿದೆ?”



“ಗಾಜಿನ ಎಳೆ ಮೇಲೆ. ಒಂಚೂರು ಬಗ್ಗಿಸ್ತಿದ್ದೆ. ಬೇರೆ ಯಾರೂ ಇಣುಕ್ತಿಲ್ಲ, ಡಾಕ್ಟ್ರಮ್ಮ. ಇದು ಸರಿಹೋದ್ರೆ ನೀವು ಫೋನ್ ಇಟ್ಬಿಡ್ತೀರಲ್ಲ.”

ಹೇಳಬೇಕಾದ ಮಾತು ಕ್ವೇತಾಳ ನಾಲಿಗೆಯ ತುದಿಗೇ ಬಂದಿತ್ತು. ಅಷ್ಟರಲ್ಲಿ ಫೋನಿನಲ್ಲಿ ‘ಕಟಕ್’ ಎಂದಿತು. ಆಸ್ಪತ್ರೆಯಲ್ಲಿ ಯಾರೋ ಅದೇ ಲೈನೆತ್ತಿದ್ದರು. ‘ಇವತ್ತು ಚಳಿ ಜಾಸ್ತಿ’ ಎಂಬ ಮಾತು ತಾನೇ ತಾನಾಗಿ ಸಿದ್ಧವಾಗಿ ನಿಂತಿತು, ಅಮ್ಮನ ದನಿಯಲ್ಲಿ.

ಅವಳು ಅದನ್ನು ನುಂಗಿಕೊಂಡಳು.

“ಊಟ ಆಯ್ತಾ ಸ್ವಾಮಿ?” ಎಂದಳು.

“ಆಂ? ಆಯ್ತು... ಯಾರಮ್ಮ ನೀವು?” ಎಂದಿತು ಗಾಬರಿಗೊಂಡ ಗಂಡು ದನಿಯೊಂದು.

“ಹಾಗಾದ್ರೆ ನೀವೂ ಕೇಳಿಸ್ಕೊಳ್ಳಿ. ಓತಾಕರ್, ಓಸ್ಟ್ರಾವಾಗೆ ಹೋಗ್ಬೇಡ. ನಂಗೆ ನೀನು ಬೇಕು.”

ಪರದೆಯ ಮೇಲೆ ಗೆರೆ ನೆಲಕ್ಕಿಳಿಯಿತು. ಆಚೆ ತುದಿಯವನು ಎಳೆಯಿಂದ ಕೈ ತೆಗೆದಿದ್ದ.

“ಹೋಗಲ್ಲ,” ಎಂದ.

ಕ್ವೇತಾ ಆಗ ಅತ್ತಳು, ಫೋನು ಇಡದೆಯೇ.