ಮಟ್ಟಸ ನೆಲ

ಬಕೆಟ್ಟನ್ನು ಓರೆ ಮಾಡಿದಳು, ನೀರು ಹೊಸ ಫರಸಿಕಲ್ಲಿನ ನೆಲದ ಮೇಲೆ ಅಗಲವಾಗಿ ಹರಡಿತು, ಈಗ ಹೋಗುತ್ತದೆ, ಈಗ ಹೋಗಲೇಬೇಕು, ಆ ಮೂಲೆಯ ಜಾಲರಿಯ ಕಡೆಗೆ — ಹೋಗಲಿಲ್ಲ, ಅರ್ಧ ದಾರಿಯಲ್ಲೇ ನಿಂತಿತು, ಮೇಲಿನ ಟ್ಯೂಬ್‌ಲೈಟು ಅದರೊಳಗೆ ಬಿದ್ದು ಸ್ವಲ್ಪ ನಡುಗಿ, ಆಮೇಲೆ ಬಿಳಿ ಕಡ್ಡಿಯ ಹಾಗೆ ನೆಟ್ಟಗೆ ಮಲಗಿತು. ಸೋನಾಲಿ ಇನ್ನೊಂದು ಬಕೆಟ್ ಸುರಿದಳು. ಅದೂ ನಿಂತಿತು. ಚಾಕಣದ ಈ ಕಾರ್ಖಾನೆಯ ಕ್ಯಾಂಟೀನು, ಪಾತ್ರೆ ತೊಳೆಯುವ ಕೋಣೆ, ನಾಳೆ ಬೆಳಿಗ್ಗೆ ರಿಬ್ಬನ್ ಕತ್ತರಿಸುವುದು, ಇವತ್ತು ಹನ್ನೊಂದಕ್ಕೆ ಅವಳ ಸಹಿ, ಸೈಟ್ ಇಂಜಿನಿಯರ್ ಸಹಿ ಬೀಳದೆ ಮುಗಿದದ್ದು ಮುಗಿದದ್ದಲ್ಲ, ಕೆಲಸಕ್ಕೆ ಸೇರಿ ಮೂರು ವರ್ಷಕ್ಕೆ ಮೊದಲ ಸಲ ಕಾಗದದ ಆ ಕೊನೆಯ ಗೆರೆಯ ಮೇಲೆ ಅವಳ ಹೆಸರು — ಹಾಗಾದರೆ ಬಕೆಟ್ ಯಾಕೆ ತಂದೆ, ಯಾರು ಹೇಳಿದರು, ಯಾರೂ ಹೇಳಲಿಲ್ಲ, ಅಪ್ಪ ಹೇಳಿದ್ದು, ಗಾರೆ ಕೆಲಸದ ತಾಯಪ್ಪ ಗೌಂಡಿ, ಅದೂ ಎಂದೋ, ಸಿಮೆಂಟು ಮೆತ್ತಿದ ಕೈಯಲ್ಲೇ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು, ಕೆಲಸ ಆತೋ ಇಲ್ಲೋ ನನ್ನ ಕೇಳಬ್ಯಾಡವ್ವ, ನೀರಿಗಿ ಕೇಳು, ಅದು ಸುಳ್ಳ ಹೇಳಂಗಿಲ್ಲ.

ಎಲ್ಲಿ ತಪ್ಪಿತು ಎಂದು ಹುಡುಕಬೇಕಿಲ್ಲ, ಗೊತ್ತಿದೆ, ಪರೀಕ್ಷೆಯ ಪಟ್ಟಿ, ಶಿವಾಜಿನಗರದ ಆಫೀಸು ಕಟ್ಟಡಕ್ಕೆ ಮಾಡಿದ್ದ ಪಟ್ಟಿಯನ್ನೇ ಎತ್ತಿ ಇಲ್ಲಿಗೂ ಇಟ್ಟಳು, ನೆಲ ಮಟ್ಟಸವಾಗಿದೆಯೇ? ಹೌದು. ಅಲ್ಲಿ ಗಾಲಿ ಕುರ್ಚಿಗಳು ಓಡಾಡುತ್ತವೆ, ಮಟ್ಟಸ ಬೇಕು, ಇಲ್ಲಿ ಬೇಕಾದದ್ದು ಢಾಳ, ನೀರು ತಾನಾಗಿ ಜಾಲರಿಗೆ ಇಳಿಯುವ ಸಣ್ಣ ಇಳಿಜಾರು. ಹದಿನಾಲ್ಕು ಕಡೆ ತಾನೇ ಮಂಡಿಯೂರಿ ರಸಮಟ್ಟ ಇಟ್ಟು ನೋಡಿದ್ದಾಳೆ, ಹದಿನಾಲ್ಕು ಕಡೆಯೂ ಅದರ ಗಾಜಿನೊಳಗಿನ ಗುಳ್ಳೆ ನಟ್ಟನಡುವೆ, ಎಷ್ಟು ಖುಷಿ ಆಗಿತ್ತು, ಪಟ್ಟಿಯಲ್ಲಿ ಹದಿನಾಲ್ಕು ಹಸಿರು ಗುರುತು. ಫರಸಿ ಕೂಡಿಸುವ ಶಿವರಾಜ ಕೇಳಿದ್ದ, ಮೇಡಂ, ಢಾಳ ಬ್ಯಾಡೇನ್ರಿ? ಪಟ್ಟಿಯೊಳಗ ಹೆಂಗದ ಹಂಗ ಮಾಡ್ರಿ ಅಂದವಳು ಯಾರು — ತಾಯಪ್ಪನ ಮಗಳು. ಬಾಗಿಲಲ್ಲಿ ಮಾಯಾ ಬಂದು ನಿಂತಳು, ನಾಳೆಯಿಂದ ಇಲ್ಲಿ ಪಾತ್ರೆ ತೊಳೆಯುವವಳು, ಸೀರೆ ಎತ್ತಿ ಸಿಕ್ಕಿಸಿಕೊಂಡು, ಏನಕ್ಕಾ, ಕೆರಿ ಕಟ್ಟೀರೇನು, ಎಮ್ಮಿ ತರ್ಲೇನು? ನಕ್ಕಳು, ಆಮೇಲೆ ನಗಲಿಲ್ಲ, ಖರೇನ ಕೇಳ್ತೀನಿ, ನೀರು ಇಲ್ಲಿ ನಿಂತ್ರ ನಾವೆಲ್ಲಿ ನಿಲ್ಲೋದು? ಸೋಪು, ಜಿಡ್ಡು, ಹೊತ್ತಿಗೆ ಎಂಟುನೂರು ತಾಟು, ಸೊಂಟದ ಮೇಲೆ ಕುದಿನೀರಿನ ಡಬರಿ — ಅವ್ವ ಯಮನವ್ವನ ಸೊಂಟದ ಮೇಲೂ ಇತ್ತು, ಹೋಟೆಲೊಂದರ ಹಿಂದಿನ ಪಾತ್ರೆ ತೊಳೆಯುವ ಮೋರಿಯಲ್ಲಿ, ಹೀಗೇ ನಿಂತ ನೀರು, ಜಾರಿದ್ದು ಒಂದು ಕ್ಷಣ, ಅವಳ ಎಡ ಮಣಿಕಟ್ಟು ಮತ್ತೆ ನೆಟ್ಟಗೆ ಕೂಡಲಿಲ್ಲ, ಇವತ್ತಿಗೂ ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೆಳು, ಅಪ್ಪ ದಪ್ಪ ಭಾಗವನ್ನೇ ಮುರಿದುಕೊಂಡು ತಿನ್ನುತ್ತಾನೆ. ಆ ಹೋಟೆಲಿನ ನೆಲಕ್ಕೂ ಯಾರೋ ಸಹಿ ಹಾಕಿದ್ದರು.

ಬೂಟಿನ ಸದ್ದು, ಅಭಿಲಾಷ, ಬೆಂಗಳೂರಿನವನು, ಪ್ರಾಜೆಕ್ಟ್ ಮ್ಯಾನೇಜರ್, ಕೆಟ್ಟವನಲ್ಲ, ಕಾಗದ ಹಿಡಿದು ಬರುತ್ತಿದ್ದಾನೆ, ನೀರಿನ ಅಂಚಿನಲ್ಲಿ ನಿಂತ. ಎಲ್ಲಾ ಗ್ರೀನ್ ಕಣ್ರೀ ಸೋನಾಲಿ, ಟೈಮ್‌ಗೆ ಆಯ್ತು, ಬಜೆಟ್ ಒಳಗೆ ಆಯ್ತು, ಲಿಸ್ಟಲ್ಲಿ ಇರೋದೆಲ್ಲ ಆಯ್ತು, ಸಕ್ಸೆಸ್ ಅಂದ್ರೆ ಇನ್ನೇನ್ ಬೇಕು? ನೀರು ಹೋಗಬೇಕು ಸರ್. ಅಯ್ಯೋ, ಒಂದು ವೈಪರ್ ಇಡ್ಸೋಣ ಬಿಡಿ. ವೈಪರ್ ಯಾರ ಕೈಯಾಗ ಸರ್? ಅವನು ಮಾಯಾಳನ್ನು ನೋಡಿದ, ನೋಡದ ಹಾಗೆ ಮಾಡಿದ, ದನಿ ತಗ್ಗಿಸಿದ, ಫರಸಿ ಕೀಳ್ಸಿದ್ರೆ ಎಂಟು ದಿನ, ಎಲ್ಲ ರೆಡ್ ಆಗುತ್ತೆ, ಲಿಸ್ಟ್ ನಿಮ್ದೇ, ತಪ್ಪೂ ನಿಮ್ದೇ ಅಂತಾರೆ, ಸೈನ್ ಮಾಡಿ, ಮುಂದಿನ ಪ್ರಾಜೆಕ್ಟಿಗೆ ನೀವೇ ಲೀಡ್, ನಾನು ಮೇಲಿನವರಿಗೆ ಹೇಳಿದೀನಿ. ಮುಚ್ಚಳ ತೆಗೆದ ಪೆನ್ನು ಅವಳ ಮುಂದೆ. ಲೀಡ್ — ಗೇಟಿನ ಫಲಕದ ಮೇಲೆ ಹೆಸರು, ಅಪ್ಪ ಬೆರಳಿಟ್ಟು ಒಂದೊಂದೇ ಅಕ್ಷರ ಓದುತ್ತಾನೆ, ಓದಿದ ಮೇಲೆ ಕೇಳುತ್ತಾನೆ, ನೀರು ಹಾಕಿ ನೋಡಿದೇನವ್ವಾ — ನೋಡಿದೆ ಅಪ್ಪ, ಎರಡು ಬಕೆಟ್. ತಪ್ಪು ನಂದ ಅಂತ ಬರೀರಿ ಸರ್, ಫರಸಿ ಎಬ್ಬಿಸಬೇಕು, ಶಿವರಾಜಗ ನಾನ ಹೇಳ್ತೀನಿ. ಸೋನಾಲಿ, ಸೈನ್ ಮಾಡಿ. ಅವಳು ಕೆಳಗೆ ನೋಡಿದಳು, ನೀರೊಳಗೆ ಟ್ಯೂಬ್‌ಲೈಟು, ಬಿಳಿ ಕಡ್ಡಿ, ನೆಟ್ಟಗೆ, ಅಲುಗಾಡದೆ, ಎಲ್ಲಿಗೂ ಹೋಗದೆ —

ಮಾಡಂಗಿಲ್ಲ.