ಸ್ಮಾಲ್ ಪ್ರಾಬ್ಲಂ

ಲಿಫ್ಟ್ ಮೆಕ್ಯಾನಿಕ್‌ಗೆ ಇಂಗ್ಲಿಷಿನಲ್ಲಿ ನೀರು ಕುಡಿದಷ್ಟು ಸಲೀಸಾಗಿ ಬರುತ್ತಿದ್ದುದು ಒಂದೇ ಮಾತು: "ಸ್ಮಾಲ್ ಪ್ರಾಬ್ಲಂ!" ಒಳಗೆ ಸಿಕ್ಕಿಕೊಂಡವರಿಗೆ ಗಾಬರಿಯಾಗಬಾರದು ಎನ್ನುವುದು ಅವನ ಕಸುಬಿನ ಮೊದಲ ಪಾಠ. ಫ್ಯೂಸ್ ಹೋಗಿರಲಿ, ಮೋಟಾರೇ ಸುಟ್ಟಿರಲಿ, ಬಾಗಿಲಿಗೆ ಬಾಯಿಟ್ಟು ಅದನ್ನೇ ಕೂಗುತ್ತಿದ್ದ. ಆನೆಯಂಥ ಈ ಆಳಿಗೆ ಜೊತೆಗಾರರು ಇಟ್ಟ ಹೆಸರು ಸ್ಮಾಲಣ್ಣ. ಚಾಳಿ ಮನೆಯನ್ನೂ ಬಿಡಲಿಲ್ಲ. ಸೂರು ಸೋರಿದರೂ ಸ್ಮಾಲ್, ಮಗಳು ಫೇಲಾದರೂ ಸ್ಮಾಲ್. ಹೋದ ವಾರ ಎದೆನೋವೆಂದು ಡಾಕ್ಟರ ಹತ್ತಿರ ಹೋಗಿ ಬಂದ ಭೂಪ, ಚಪ್ಪಲಿ ಬಿಡುತ್ತಲೇ ಹೆಂಡತಿಗೆ ಹೇಳಿದ್ದೂ ಅದೇ. ಅವಳು ನಂಬಿ ಊಟಕ್ಕೆ ತಟ್ಟೆ ಇಟ್ಟಿದ್ದಳು.

ಇವತ್ತು ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದು ಆ ಹೆಂಡತಿಯೇ. ನಾಲ್ಕನೇ ಮಹಡಿಯ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಅವಳಿಗೆ ಕೆಲಸ.

ವಾಚ್‌ಮನ್ ಫೋನ್ ಮಾಡಿದ್ದೇ ತಡ, ಮೆಕ್ಯಾನಿಕ್ ಎದ್ದೆನೋ ಬಿದ್ದೆನೋ ಎಂದು ಓಡಿಬಂದ. ಕರೆಂಟು ತೆಗೆಸಿ, ಜೊತೆಗಾರನನ್ನು ತಾರಸಿಯ ಮೋಟಾರು ಕೋಣೆಗೆ ಅಟ್ಟಿ, ಎರಡನೇ ಮಹಡಿಯ ಬಾಗಿಲು ತೆರೆದ. ಲಿಫ್ಟಿನ ನೆಲ ಅವನ ಎದೆಮಟ್ಟದಲ್ಲಿ ನಿಂತಿತ್ತು, ಅದರ ಕೆಳಗೆ ಬರೀ ಕತ್ತಲು. ಮೇಲಿನ ಸಂದಿಯಲ್ಲಿ ಹೆಂಡತಿಯ ಬೆವೆತ ಮುಖ. ಒಳಬಾಗಿಲನ್ನು ಅವಳೇ ಎಳೆದು ಸರಿಸಿದ್ದಳು.

"ಸ್ಮಾಲ್ ಪ್ರಾಬ್ಲಂ ಕಣೇ! ಸುಮ್ನೆ ಕೂತಿರು."

ಅಷ್ಟರಲ್ಲಿ ತಾರಸಿಯಿಂದ ಜೊತೆಗಾರನ ಫೋನು. "ಅಣ್ಣಾ, ಬ್ರೇಕ್ ಹಿಡೀತಾ ಇಲ್ಲ, ಜಾರ್ತಾ ಇದೆ. ಕಟ್ಟಿ ಹಾಕೋಕೆ ಸ್ವಲ್ಪ ಹೊತ್ತು ಬೇಕು."

ಮೆಕ್ಯಾನಿಕ್‌ಗೆ ಗೊತ್ತಿತ್ತು: ಒಬ್ಬರೇ ಇರುವ ಲಿಫ್ಟು ಹಗುರ. ಬ್ರೇಕು ಕೈಕೊಟ್ಟರೆ ಹಗ್ಗದ ಇನ್ನೊಂದು ತುದಿಗೆ ಕಟ್ಟಿದ ಎದುರು ತೂಕ ಅದನ್ನು ಮೇಲಕ್ಕೆಳೆಯುತ್ತದೆ. ಆಗ ಸಂದಿಯಲ್ಲಿ ಯಾರದಾದರೂ ಮೈ ಇದ್ದರೆ ಬಾಗಿಲ ಮೇಲಿನ ತೊಲೆಗೆ ಸಿಕ್ಕಿ ಎರಡು ತುಂಡು. ನೋಡುತ್ತಿದ್ದಂತೆ ಎದೆಮಟ್ಟದಲ್ಲಿದ್ದ ನೆಲ ಅವನ ಕುತ್ತಿಗೆಯವರೆಗೆ ಏರಿತು.

ಅದೇ ಹೊತ್ತಿಗೆ ಹೆಂಡತಿ ಅಂಚಿನಲ್ಲಿ ಕೂತು ಎರಡೂ ಕಾಲು ಹೊರಗೆ ಇಳಿಬಿಟ್ಟಳು.

"ಏಯ್, ಏನ್ ಮಾಡ್ತಿದೀಯ?"

"ಸ್ಮಾಲ್ ಅಂದ್ರಲ್ಲ ರೀ. ಅಲ್ಲಿ ಜನ ಹಲ್ಲು ಹಿಡ್ಕೊಂಡು ಕಾಯ್ತಿದಾರೆ. ಕೈ ಕೊಡಿ, ಇಳೀತೀನಿ."

"ಬೇಡ! ಕಾಲು ಒಳಗೆ ತಗೋ!"

"ಆಹಾ, ಸ್ಮಾಲ್ ಪ್ರಾಬ್ಲಮ್ಮಿಗೆ ಇಷ್ಟೊಂದು ಕೂಗಾಟ!" ನಗುತ್ತಲೇ ಇನ್ನಷ್ಟು ಮುಂದಕ್ಕೆ ಜಾರಿದಳು.

ಇಷ್ಟು ವರ್ಷ ಅನ್ನ ಹಾಕಿದ ಮಾತು ಇವತ್ತು ಹೆಂಡತಿಯ ಜೀವಕ್ಕೇ ಸಂಚಕಾರ ತಂದಿತ್ತು.

"ದೊಡ್ಡದು ಕಣೇ!" ಅವನ ದನಿ ಒಡೆಯಿತು. "ನಾನ್ ಹೇಳಿದ್ದು ಸುಳ್ಳು. ದೊಡ್ಡ ಪ್ರಾಬ್ಲಂ ಇದು. ಲಿಫ್ಟು ಜಾರ್ತಾ ಇದೆ, ಸತ್ತುಹೋಗ್ತೀಯ, ಹಿಂದೆ ಹೋಗು!"

ಆ ಬಾಯಲ್ಲಿ ಆ ಮಾತನ್ನು ಅವಳು ಯಾವತ್ತೂ ಕೇಳಿರಲಿಲ್ಲ. ನಗು ಸತ್ತುಹೋಯಿತು. ಕಾಲೆಳೆದುಕೊಂಡು ಹಿಂದಿನ ಗೋಡೆಗೆ ಅಂಟಿ ನಿಂತಳು. ಮರುಕ್ಷಣವೇ ಲಿಫ್ಟು ಧಡಕ್ಕನೆ ಮೇಲಕ್ಕೆ ನೆಗೆದು ಸಂದಿ ಮುಚ್ಚಿಹೋಯಿತು. ಹೊರಗೆ ಉಳಿದಿದ್ದು ಅವಳ ಕಾಲಿನಿಂದ ಕಳಚಿಬಿದ್ದ ಒಂದು ಚಪ್ಪಲಿ.

ಜೊತೆಗಾರ ಹೇಗೋ ಬ್ರೇಕು ಕಟ್ಟಿ, ಚಕ್ರವನ್ನು ಕೈಯಲ್ಲೇ ತಿರುಗಿಸಿ, ಲಿಫ್ಟನ್ನು ಮೂರನೇ ಮಹಡಿಗೆ ಮುಟ್ಟಿಸಿದ. ಗಂಡ ಹೆಂಡತಿ ಮೆಟ್ಟಿಲ ಮೇಲೆ ಕುಸಿದು ಕೂತರು. ಅವನು ಎತ್ತಿ ತಂದಿದ್ದ ಚಪ್ಪಲಿಯನ್ನು ಅವಳ ಕಾಲಿಗೆ ತೊಡಿಸಲು ಬಗ್ಗಿದ. ಅವಳು ಅವನ ಎದೆಯನ್ನೇ ನೋಡುತ್ತಿದ್ದಳು.

"ರೀ, ಹೋದ ವಾರ ಡಾಕ್ಟರು ನಿಜವಾಗ್ಲೂ ಏನಂದ್ರು?"

"ಸ್ಮಾ..." ಎಂದವನು ಅಲ್ಲಿಗೇ ನಿಲ್ಲಿಸಿದ. ಕೈಯಲ್ಲಿದ್ದ ಚಪ್ಪಲಿಯನ್ನು ಮೆಟ್ಟಿಲ ಮೇಲಿಟ್ಟ.

"ದೊಡ್ಡದು ಕಣೇ" ಎಂದ.